ಲಾರಿಗೆ ಅತ್ತೆ ಬಂದಾಗ

ಲಾರಿ ಡ್ರೈವರುಗಳ ಮಾತಿನಲ್ಲಿ ನಿದ್ದೆಗೆ ಅತ್ತೆ ಎಂದು ಹೆಸರು. ಹೇಳದೆ ಕೇಳದೆ ಬರುತ್ತಾಳೆ, ಬಂದವಳನ್ನು ಹೋಗು ಎನ್ನುವ ಧೈರ್ಯ ಯಾರಿಗೂ ಇಲ್ಲ, ಅದಕ್ಕೆ. ಪೊಲೀಸಿನವನು ಮಾವ. ಖಾಲಿ ಗಾಡಿಗೆ ಉಪವಾಸ. ಇಬ್ಬರು ಡ್ರೈವರುಗಳಿರುವ ಗಾಡಿಯಲ್ಲಿ ಒಬ್ಬ ಓಡಿಸುವಾಗ ಇನ್ನೊಬ್ಬ ಸೀಟಿನ ಹಿಂದೆ ಪರದೆ ಎಳೆದುಕೊಂಡು ಮಲಗುವ ಹಲಗೆಗೆ ಗೂಡು. ಓಡಿಸುತ್ತಿದ್ದವನು ‘ಅತ್ತೆ ಬಂದ್ಲು’ ಅಂದನೋ, ಗೂಡಿನಲ್ಲಿದ್ದವನು ಎದ್ದು ಬಂದು ಸ್ಟೇರಿಂಗ್ ಹಿಡಿಯಬೇಕು. ಯಾಕೆ, ಏನು ಎಂದು ಕೇಳುವಂತಿಲ್ಲ. ಕೇಳಿದವನ ಜೊತೆ ಮತ್ತೆ ಯಾರೂ ಜೋಡಿ ಹೋಗುವುದಿಲ್ಲ.

ಈ ಕಟ್ಟುಪಾಡಿನ ಮರೆಯಲ್ಲೇ ಭಾವ ಮೂರು ತಿಂಗಳಿಂದ ಅಡಗಿ ಕೂತಿದ್ದ.

ಲಾರಿ ಸ್ಟ್ಯಾಂಡಿನಲ್ಲಿ ಹಿರಿಯರು ಕಿರಿಯರೆಲ್ಲ ಅವನನ್ನು ಭಾವ ಎಂದೇ ಕರೆಯುತ್ತಿದ್ದರು. ಅವನ ಜೋಡಿ ಡ್ರೈವರ್ ಸ್ವಂತ ಮೈದುನ, ಹೆಂಡತಿಯ ತಮ್ಮ. ಹನ್ನೆರಡು ವರ್ಷ ಒಂದೇ ಗಾಡಿಯಲ್ಲಿ ಕೂತು ‘ಭಾವ, ಭಾವ’ ಎಂದು ಕೂಗಿ ಕೂಗಿ ಆ ಹೆಸರನ್ನು ಎಲ್ಲರ ಬಾಯಿಗೂ ಅಂಟಿಸಿದವನು ಅವನೇ. ಭಾವನದು ಮೂವತ್ತೊಂದು ವರ್ಷದ ಸರ್ವೀಸು. ಒಂದು ಗೀರೂ ಬೀಳದಂತೆ ಗಾಡಿ ನಡೆಸಿದವನು ಎಂಬ ಜಂಬ ಇತ್ತು, ಇರಲಿ ಬಿಡಿ, ಜಂಬ ಪಡುವ ಮಾತೇ ಅದು.

ಮೊದಮೊದಲು ಎಡಗಡೆ ಒಂದು ಮಬ್ಬು. ಗಾಜು ಕೊಳೆಯಾಗಿದೆ ಎಂದು ಭಾವ ದಿನಕ್ಕೆ ನಾಲ್ಕು ಸಲ ಒರೆಸಿದ. ಆಮೇಲೆ ಕನ್ನಡಿ ಸರಿಯಿಲ್ಲ ಎಂದು ಹೊಸದು ಹಾಕಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ದಿನ ಮನೆಯಲ್ಲಿ ಹೆಂಡತಿ ಎಡಗಡೆಯಿಂದ ಚಹಾ ಲೋಟ ಚಾಚಿದಳು, ಇವನು ಕೈ ನೀಡಲೇ ಇಲ್ಲ. ಏನೋ ಕೋಪ ಇರಬೇಕು ಎಂದುಕೊಂಡು ಅವಳು ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿ ಒಳಗೆ ಹೋದಳು. ಸದ್ದು ಬಂದ ಕಡೆ ತಿರುಗಿದಾಗಲೇ ಭಾವನಿಗೆ ಲೋಟ ಕಂಡದ್ದು. ಆವತ್ತು ಅವನಿಗೆ ನಿಜಕ್ಕೂ ಭಯವಾಯಿತು.

ಕಣ್ಣಿನ ಪರೀಕ್ಷೆ ಇರಲಿಲ್ಲವೇ ಅಂದರೆ, ಇತ್ತು. ವರ್ಷಕ್ಕೊಮ್ಮೆ ಲಾರಿ ಕಂಪನಿಯ ಆಫೀಸಿನಲ್ಲಿ ಗೋಡೆಗೆ ಅಕ್ಷರದ ಹಾಳೆ ಅಂಟಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಎಷ್ಟೋ ವರ್ಷದಿಂದ ಅದೇ ಹಾಳೆ. ಮುಂದಿನವರು ಓದಿದ್ದನ್ನು ಕೇಳಿ ಕೇಳಿ ಹಿಂದಿನವರಿಗೆಲ್ಲ ಬಾಯಿಪಾಠ. ಹೊರಗೆ ಚಹಾ ಮಾರುವವನೂ ಕೊನೆಯ ಸಾಲನ್ನು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದ. ಭಾವ ಈ ಸಲವೂ ಪಾಸಾದ. ಸರ್ಟಿಫಿಕೇಟು ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿಯುವಾಗ ಎಡಗಡೆಯ ಕಂಬಿಗೆ ಭುಜ ಬಡಿದುಕೊಂಡ.

ಮುಸ್ಸಂಜೆಯಾದರೆ ಎದುರಿನ ದೀಪಗಳೆಲ್ಲ ಒಡೆದು ಹರಡಿಕೊಳ್ಳುತ್ತಿದ್ದವು. ಆಗ ಭಾವ ಆಕಳಿಸಿದ ಹಾಗೆ ಮಾಡಿ ‘ಅತ್ತೆ ಬಂದ್ಲು ಕಣೋ’ ಅನ್ನುತ್ತಿದ್ದ. ಮೈದುನ ಮರುಮಾತಿಲ್ಲದೆ ಬಂದು ಕೂತರೆ ಬೆಳಗಿನವರೆಗೂ ಅವನೇ. ಹಗಲು ಭಾವನ ಪಾಳಿ, ಮೈದುನನಿಗೆ ಗೂಡು. ಚಹಾದಂಗಡಿಯಲ್ಲಿ ಬೇರೆ ಡ್ರೈವರುಗಳು ಬಿಟ್ಟಾರೆಯೇ? ‘ಭಾವನಿಗೆ ವಯಸ್ಸಾದ ಮೇಲೆ ಅತ್ತೆ ಮೇಲೆ ಪ್ರೀತಿ ಉಕ್ಕಿದೆ’ ಎಂದು ಕಾಲೆಳೆಯುತ್ತಿದ್ದರು. ಭಾವ ಅವರಿಗಿಂತ ಜೋರಾಗಿ ನಗುತ್ತಿದ್ದ.

ಹೇಳಿಬಿಡಬೇಕೆಂದು ಅನ್ನಿಸುತ್ತಿರಲಿಲ್ಲವೇ? ದಿನಾ ಅನ್ನಿಸುತ್ತಿತ್ತು. ಮುಂದಿನ ಚಹಾಕ್ಕೆ ನಿಲ್ಲಿಸಿದಾಗ ಹೇಳುತ್ತೇನೆ ಅಂದುಕೊಳ್ಳುತ್ತಿದ್ದ. ಚಹಾ ಮುಗಿಯುತ್ತಿತ್ತು, ಲೋಟ ಇಟ್ಟು ಗಾಡಿ ಹತ್ತುತ್ತಿದ್ದ. ಹೇಳಿದರೆ ಸ್ಟೇರಿಂಗ್ ಹೋಯಿತು. ಸ್ಟೇರಿಂಗ್ ಹೋದರೆ ಗೋಡೌನಿನ ಗೇಟು ತೆಗೆಯುವ ಕೆಲಸ. ತನ್ನ ಕೈಕೆಳಗೆ ಕಲಿತವರು ಹಾರ್ನ್ ಹೊಡೆದಾಗ ತಾನು ಓಡಿ ಹೋಗಿ ಬಾಗಿಲು ತೆರೆಯಬೇಕು. ನುಂಗಲೂ ಆಗದು, ಉಗುಳಲೂ ಆಗದು.

ಈ ನಡುವೆ ಮೈದುನ ಸೊರಗಿದ್ದ. ಕಣ್ಣು ಕೆಂಪು, ಮಾತೆತ್ತಿದರೆ ಸಿಡುಕು. ‘ಗೂಡಲ್ಲಿ ಬಿದ್ಕೊಂಡು ಮೊಬೈಲ್ ನೋಡ್ತೀಯ, ನಿದ್ದೆ ಎಲ್ಲಿಂದ ಬರಬೇಕು’ ಎಂದು ಭಾವ ಬೈದೂ ಬೈದಿದ್ದ. ಬೈಸಿಕೊಂಡವನು ಲೋಟ ತೊಳೆದಿಟ್ಟಿದ್ದ.

ಆವತ್ತು ಬೆಳಗ್ಗೆ ಹನ್ನೊಂದರ ಹೊತ್ತು. ಗಾಡಿಯ ತುಂಬ ನೆಲಕ್ಕೆ ಹಾಸುವ ಟೈಲ್ಸು. ಒಂದು ಸಣ್ಣ ಪೇಟೆಯ ಅಂಚಿನಲ್ಲಿ ಎಡಗಡೆಯಿಂದ ಗಲ್ಲಿಯೊಂದು ಬಂದು ಹೆದ್ದಾರಿಗೆ ಸೇರುತ್ತಿತ್ತು. ಭಾವನಿಗೆ ರಸ್ತೆ ಖಾಲಿ ಕಂಡಿತು. ವೇಗ ಇಳಿಸಲಿಲ್ಲ.

‘ಎಡಕ್ಕೆ ಸೈಕಲ್,’ ಎಂದಿತು ಹಿಂದಿನಿಂದ ಒಂದು ದನಿ.

ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಹಿಂದೆ ಟೈಲ್ಸಿನ ಪೆಟ್ಟಿಗೆಗಳು ಕಿರ್ರೆಂದವು. ಬಂಪರಿನ ಮುಂದೆ ಒಂದು ಮಾರಿನಷ್ಟು ದೂರದಲ್ಲಿ ಹೆಂಗಸೊಬ್ಬಳು, ಸೈಕಲ್ಲಿನ ಹಿಂದೆ ತರಕಾರಿ ಬುಟ್ಟಿ, ಮುಖದಲ್ಲಿ ರಕ್ತವಿಲ್ಲ. ಒಂದು ಗಳಿಗೆ ಗಾಜಿನೊಳಗಿನ ಇವನನ್ನೇ ನೋಡಿದಳು. ಬೈಯಲೂ ಇಲ್ಲ, ಸೈಕಲ್ ತಳ್ಳಿಕೊಂಡು ದಾಟಿದಳು.

ಭಾವ ಗಾಡಿಯನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದ. ಆಮೇಲೆ ಹೊಳೆಯಿತು: ಕೂಗಿದ್ದು ನಿದ್ದೆಯಿಂದ ಎದ್ದವನ ದನಿಯಲ್ಲ. ಪರದೆ ಸರಿಸಿದ. ಮೈದುನ ಮಲಗಿರಲಿಲ್ಲ. ಮಂಡಿ ಮಡಚಿ ಕೂತು, ಪರದೆಯ ಅಂಚು ಬೆರಳಲ್ಲಿ ಹಿಡಿದು, ಎರಡು ಸೀಟುಗಳ ಸಂದಿಯಿಂದ ರಸ್ತೆ ನೋಡುತ್ತಿದ್ದ.

‘ಎಷ್ಟು ದಿನದಿಂದ ಹೀಗೆ ಕೂರ್ತಿದೀಯ?’

‘ನೀವು ಹೊಸ ಕನ್ನಡಿ ಹಾಕಿಸಿದ್ರಲ್ಲ, ಆವಾಗಿಂದ.’

ಮೂರು ತಿಂಗಳು. ರಾತ್ರಿಯೆಲ್ಲ ಓಡಿಸಿ, ಹಗಲೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಾನೆ. ಸರಕು ಇಳಿಸುವ ಹೊತ್ತಿನಲ್ಲಿ ಸಿಕ್ಕ ಒಂದೆರಡು ಗಂಟೆಯೇ ಅವನ ನಿದ್ದೆ.

‘ಕೇಳಬಾರದಿತ್ತೇನೋ ನನ್ನ?’

‘ಹೆಂಗೆ ಕೇಳ್ಲಿ ಭಾವ? ಅತ್ತೆ ಬಂದ್ಲು ಅಂದವರನ್ನ ಕೇಳೋ ಹಾಗಿಲ್ಲ ಅಂತ ಕಲಿಸಿದ್ದೇ ನೀವು.’ ಅವನು ಕಣ್ಣುಜ್ಜಿಕೊಂಡ. ‘ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ. ಇನ್ನು ನನ್ನ ಕೈಲಾಗಲ್ಲ. ನಿನ್ನೆ ಸೇತುವೆ ಮೇಲೆ ನನಗೇ ಕಣ್ಣು ಮುಚ್ಚಿಹೋಗಿತ್ತು. ಎಚ್ಚರ ಆದಾಗ ಗಾಡಿ ಕಟ್ಟೆ ಪಕ್ಕಕ್ಕೆ ಹೋಗಿತ್ತು. ನೀವು ಹಿಂದೆ ಗೊರಕೆ ಹೊಡೀತಿದ್ರಿ.’

ಭಾವ ಇಳಿದು ಹೋಗಿ ಚಕ್ರದ ಪಕ್ಕ ನಿಂತುಕೊಂಡ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ತಾನು ಸತ್ತರೆ ಸಾಯಲಿ. ಆದರೆ ಅಕ್ಕನ ಗಂಡನ ಮಾನ ಕಾಯಲು ಹೋಗಿ ಈ ಹುಚ್ಚ ಸಾಯುತ್ತಿದ್ದನಲ್ಲ ಎಂದು ನೆನೆದಾಗ ಕಣ್ಣಲ್ಲಿ ನೀರು ಬಂತು. ಅಂಗಿಯ ತೋಳಿನಲ್ಲಿ ಒರೆಸಿಕೊಂಡು ಆಫೀಸಿನ ಗುಮಾಸ್ತನಿಗೆ ಫೋನ್ ಹಚ್ಚಿದ.

‘ಗಾಡಿ ಇಲ್ಲೇ ನಿಂತಿದೆ. ಬೇರೆ ಡ್ರೈವರ್ ಕಳಿಸಿ.’

‘ಏನು ಕೆಡ್ತು?’

‘ಗಾಡಿ ಚೆನ್ನಾಗಿದೆ. ನನಗೆ ಕಣ್ಣು ಕಾಣಲ್ಲ.’

‘ಇದು ಯಾವಾಗಿಂದ’ ಎಂದ ಗುಮಾಸ್ತ. ಭಾವ ಹೇಳಿದ. ಮಾಲು ಸಂಜೆಯೊಳಗೆ ಮುಟ್ಟಬೇಕು, ಈಗ ಯಾರನ್ನು ಹುಡುಕಲಿ ಎಂದು ಗುಮಾಸ್ತ ಗೊಣಗಿದ. ‘ನಿಮ್ಮ ಕಣ್ಣಿನ ಮಾತು ಆಮೇಲೆ ಆಡೋಣ. ನಿಮ್ಮ ಜೋಡಿ ಇದ್ದಾನಲ್ಲ, ಅವನಿಗೆ ಓಡಿಸೋಕೆ ಹೇಳಿ.’

ಭಾವ ಪಾವಟಿಗೆ ಹತ್ತಿ ಒಳಗೆ ನೋಡಿದ. ಮೈದುನ ಅಡ್ಡಾಗಿದ್ದ. ಒಂದು ಕಾಲು ಗೂಡಿನಿಂದ ಕೆಳಗೆ ಜೋತಾಡುತ್ತಿತ್ತು, ಬಾಯಿ ತೆರೆದುಕೊಂಡಿತ್ತು.

‘ಅವನು ಮಲಗಿದ್ದಾನೆ,’ ಎಂದ ಭಾವ ಮೆಲ್ಲಗೆ. ‘ನಾನು ಎಬ್ಬಿಸಲ್ಲ.’