ಖೂನಿ ಕೇಳಲು ಬರುತ್ತಿದ್ದ ಭೀಮವ್ವ

ಭೀಮವ್ವನಿಗೆ ಬಾಗಿಲು ತಟ್ಟುವುದೇ ಗೊತ್ತಿರಲಿಲ್ಲ. ಮೊದಲು ಕೆಮ್ಮು ಒಳಗೆ ಬರುತ್ತಿತ್ತು, ಆಮೇಲೆ ಕಂಬಳಿ, ಅದರ ಹಿಂದೆ ಆಕೆ. ತೆಲುಗು ಸೀಮೆಯ ಕಲ್ಹೇರ್ ಹತ್ತಿರದ ನಮ್ಮ ಹೊಲದ ಕೋಣೆಯಲ್ಲಿ ಚಳಿಗಾಲವಿಡೀ ಒಬ್ಬನೇ ಕೂತು ಪತ್ತೇದಾರಿ ಕಾದಂಬರಿ ಮುಗಿಸೋಣವೆಂದು ಹೋದರೆ, ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದ ಈ ಮುದುಕಿ ಗಂಟುಬಿದ್ದಳು. ಹಿಂದಿನ ಕಾದಂಬರಿಗಳನ್ನೆಲ್ಲ ಅರ್ಧಕ್ಕೇ ಬಿಟ್ಟವನು ನಾನು. ಇದೂ ಕೈಕೊಟ್ಟರೆ ಬರೆಯುವುದನ್ನೇ ಬಿಡುವುದು ಎಂದುಕೊಂಡಿದ್ದೆ.

"ಕತಿ ಏನ್ರಿ?" ಎಂದಳು. ಹೇಳಿದೆ: ಒಬ್ಬ ಬರಹಗಾರ, ಚಳಿ, ಒಂಟಿ ಮನೆ, ಬಾವಿಯಲ್ಲಿ ಹೆಣ.

"ಇಂಥಾ ಥಂಡ್ಯಾಗ ಅಂವ ಒಬ್ಬಾಂವನೇ ಯಾಕ ಅದಾನ್ರಿ? ಹೆಂಡ್ತಿ ಕೂಡ ಜಗಳಾಡ್ಯಾನೇನು? ಆತು ಬಿಡ್ರಿ, ಕೊಂದಾಂವ ಯಾರು? ಅದನ್ನ ಮೊದ್ಲ ಹೇಳ್ರಿ. ಆಮ್ಯಾಲ ನಿಂಬಳಾಗಿ ಕುಂತು ಕೇಳ್ತೀನಿ."

"ಅದನ್ನ ಹೇಳಿದ್ರ ಕತಿ ಕೆಡ್ತದವ್ವಾ" ಎಂದೆ. ಕೊಂದವರು ಯಾರೆಂದು ನನಗೇ ಹೊಳೆದಿರಲಿಲ್ಲ, ಅದು ಬೇರೆ ಮಾತು. ದಿನಾ ಬೆಳಿಗ್ಗೆ ಅದೇ ಪ್ರಶ್ನೆ. ತಲೆ ಚಿಟ್ಟುಹಿಡಿಯುತ್ತಿತ್ತು.

ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲದಲ್ಲಿ ಉಣ್ಣಲು ಬರುತ್ತದೆಂಬುದು, ಇದೇ ಮಣ್ಣಲ್ಲಿ ಹುಟ್ಟಿದ ನನಗೆ ಮರೆತೇಹೋಗಿತ್ತು! ಭೀಮವ್ವ ತನ್ನ ಬಳಗವನ್ನೆಲ್ಲ ನನ್ನ ಬಾಗಿಲ ಮುಂದೆ ಕೂರಿಸಿ, ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಬಡಿಸಿ, "ಇವರ ಕತ್ಯಾಗ ಖೂನಿ ಆಗ್ಯಾದ. ಕೊಂದಾಂವ ಸಿಕ್ಕಿಲ್ಲ, ನೀವೂ ಹುಡುಕ್ರಿ" ಎಂದಳು. ಸಂಜೆತನಕ ವಾದವೋ ವಾದ. ಮರುದಿನ ನಾರಾಯಣಖೇಡದ ಬಸ್ ಸ್ಟ್ಯಾಂಡಿನಲ್ಲೂ ಯಾರೋ "ಖೂನಿ ಮಾಡ್ದಾಂವ ಸಿಕ್ಕನೇನ್ರಿ?" ಎಂದು ಕೂಗಿ ಕೇಳಿದರು. ಮರ್ಯಾದೆ ಮಣ್ಣುಪಾಲು.

ಹೊಲಕ್ಕೆ ವಾಪಸ್ ಬಂದವನೇ ಭೀಮವ್ವನ ಮೇಲೆ ಹರಿಹಾಯ್ದೆ: "ನನ್ನ ಪಾಡಿಗೆ ನನ್ನ ಬಿಡವ್ವಾ ಮಾರಾಯ್ತಿ!"

"ಆತ್ರಿ, ಬಿಟ್ಟೆ" ಎಂದು ಎದ್ದಳು. ಬಾಗಿಲಲ್ಲಿ ತಿರುಗಿ, "ನಾಳಿ ಹೇಳ್ರಿ ಮತ್ತ" ಎಂದಳು. ನಾನು ಬೆಳಗಾಗುತ್ತಲೇ ಗಂಟುಮೂಟೆ ಕಟ್ಟಿ ಜಹೀರಾಬಾದಿನ ಬಸ್ಸು ಹತ್ತಿದೆ.

ಅಲ್ಲಿ ಮನೆಯಲ್ಲಿ, ಟಿವಿ, ಮಿಕ್ಸಿ ಗದ್ದಲದ ನಡುವೆಯೇ, ಮುಂದಿನ ಚಳಿಗಾಲಕ್ಕೆ ಕಾದಂಬರಿ ಮುಗಿಯಿತು. ಆದರೆ ಹೆಂಡತಿಗೆ ಕನ್ನಡ ಓದಲು ಬಾರದು, ಮಕ್ಕಳದು ತೆಲುಗು. ಕೊಂದವರು ಯಾರೆಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ತಡೆಯಲಾರದೆ ಕಲ್ಹೇರಿನ ಬಸ್ಸು ಹತ್ತಿ ಭೀಮವ್ವನ ಮನೆಗೇ ಹೋದೆ. ಹೊಸ ಸೊಸೆ ಬಾಗಿಲಿಗೆ ಬಂದಳು.

"ಅತ್ತಿ ಮಳಿಗಾಲದಾಗೇ ಹೋದ್ರಲ್ರಿ."

ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಇನ್ನೊಂದಿಷ್ಟು ದಿನ ಇರಬಾರದಿತ್ತೇ ಈ ಮುದುಕಿ? ಮುಖ ಬೇರೆ ಕಡೆ ತಿರುಗಿಸಿ, "ಅವನ ತಂಗೀನೇ ಕೊಂದಾಳ" ಎಂದೆ.

ಆ ಹುಡುಗಿ ಗಾಬರಿಯಿಂದ ನನ್ನನ್ನೇ ನೋಡಿದಳು. "ಯಾರನ್ನ್ರೀ?"

ಮೊದಲಿನಿಂದ ಹೇಳೋಣವೆಂದುಕೊಂಡೆ. ಆದರೆ "ನಾಳಿ ಹೇಳ್ತೀನವ್ವಾ" ಎಂದು ಬಸ್ ಸ್ಟ್ಯಾಂಡಿನತ್ತ ನಡೆದೆ.