ಅಯ್ಯನವರ ಬಾಯಿಂದ ಬಂದ ಸಾಲು

ಮಲಾಡ್ ಉಪನಗರದ ಒಂದು ಶಾಲೆಯ ಕೋಣೆಯಲ್ಲಿ ಭಾನುವಾರ ಸಂಜೆ ಕನ್ನಡದ ಲೂಥರನ್ ಕ್ರೈಸ್ತ ಸಭೆ ಕೂಡುತ್ತದೆ. ಬರುವವರು ಹೆಚ್ಚಾಗಿ ಗದಗ, ಬಾಗಲಕೋಟೆ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರು. ಓದಲು ಬರುವವರು ಕಡಿಮೆ. ಅದಕ್ಕೇ ಪಾದ್ರಿ ದೇವಾನಂದ ಅಯ್ಯನವರು ಒಂದೊಂದೇ ಸಾಲು ಹೇಳಿಕೊಡುತ್ತಾರೆ. ಸಭೆಯವರು ಕಣ್ಣು ಮುಚ್ಚಿಕೊಂಡು ಅದನ್ನೇ ತಿರುಗಿ ಹಾಡುತ್ತಾರೆ. ಹಾಡುಗಳೂ ಅಯ್ಯನವರವೇ. ಹೊಸದು ಕಟ್ಟಿದರೆ ಮೊದಲು ಹೆಂಡತಿ ಮಲ್ಲಕ್ಕನಿಗೆ ಕೇಳಿಸುತ್ತಿದ್ದರು. ಒಂದೇ ಸಲಕ್ಕೆ ಅವಳ ಬಾಯಿಗೆ ಬಾರದ ಸಾಲನ್ನು ಹೊಡೆದುಹಾಕುತ್ತಿದ್ದರು.

ಮಲ್ಲಕ್ಕ ಹಾಸಿಗೆ ಹಿಡಿದಿದ್ದಾಗ, ಅಯ್ಯನವರು ಗಂಜಿ ಕುಡಿಸುತ್ತಿದ್ದರು.

"ರೀ, ಒಂದ ಹಾಡಿನ್ಯಾಗರ ನನ್ನ ಹೆಸರ ಹಾಕ್ರಲಾ," ಅಂದಳು.

"ಹಾಡು ದೇವರದೈತಿ. ಮನಷ್ಯಾರ ಹೆಸರ ಅದರಾಗ ಬರಬಾರದು."

"ಯಾಕ, ದೇವರಿಗೆ ಜಾಗಾ ಕಮ್ಮಿ ಬೀಳ್ತೈತೇನು?" ಎಂದು ನಕ್ಕಳು. ಮತ್ತೆ ಕೇಳಲಿಲ್ಲ.

ಮುಂದಿನ ವಾರ ತೀರಿಕೊಂಡಳು. ಮಣ್ಣು ಮಾಡುವಾಗ ಹಾಡಲೆಂದು ಅಯ್ಯನವರು ಹೊಸ ಹಾಡು ಕಟ್ಟಿದರು. ಅವಳ ಮಾತು ಎದೆಯಲ್ಲಿ ಚುಚ್ಚುತ್ತಿದ್ದರೂ ಹೆಸರು ಹಾಕಲಿಲ್ಲ.

ಎರಡು ಚರಣ ನೆಟ್ಟಗೆ ಸಾಗಿತು. ಮೂರನೆಯದಕ್ಕೆ ಪೆಟ್ಟಿಗೆಯನ್ನು ಹಗ್ಗದಿಂದ ಇಳಿಸತೊಡಗಿದರು. ಅಯ್ಯನವರಿಗೆ ಸಾಲು ಮರೆತೇಹೋಯಿತು. "ಮಲ್ಲಕ್ಕಾ, ತಡಿ, ನಾನೂ ಬರ್ತೀನಿ," ಅಂದುಬಿಟ್ಟರು.

ಕಣ್ಣು ಮುಚ್ಚಿದ್ದ ಜನ ಅದನ್ನೂ ಹಾಡಿನ ಸಾಲೆಂದೇ ತಿಳಿದು, ಅದೇ ಧಾಟಿಯಲ್ಲಿ ಹಾಡಿದರು.

ಅಯ್ಯನವರು ನಾಚಿಕೆಯಿಂದ ಕುಗ್ಗಿಹೋದರು. ಮುಂದಿನ ಭಾನುವಾರ ಸಭೆಗೆ ಬಂದ ನಾಗರತ್ನಾ ಅದೇ ಹಾಡು ಬೇಕೆಂದಾಗ ಬೇಡವೆಂದು ತಲೆಯಾಡಿಸಿದರು.

"ಅದು ಹಾಡಲ್ಲವ್ವಾ, ನನ್ನ ಸಂಕಟ. ಆ ಸಾಲ ಬಿಟ್ಟ ಹೇಳಿಕೊಡ್ತೀನಿ."

"ಬ್ಯಾಡ ಬಿಡ್ರಿ ಅಯ್ಯಾರ. ನಿಮಗೊಬ್ಬರಿಗೇ ಸಂಕಟ ಐತೇನು? ನನ್ನ ಗಂಡನ್ನೂ ಅದ ಮಣ್ಣಾಗ ಇಟ್ಟೀವಿ. ನಮಗೂ ಅಳಾಕ ಒಂದ ಸಾಲ ಬೇಕ್ರೀ."

ಅಯ್ಯನವರು ಹಾಡು ಹಿಡಿದರು. ಮೊದಲ ಚರಣ, ಎರಡನೆಯದು. ಮೂರನೆಯದಕ್ಕೆ ನಿಂತರು. ಸಭೆಯೂ ನಿಂತಿತು. ಆ ಸಾಲು ಎಲ್ಲರಿಗೂ ಬಾಯಿಗೆ ಬಂದಿತ್ತು. ಆದರೆ ಅಯ್ಯನವರು ಹೇಳದೆ ಯಾರೂ ಬಾಯಿ ತೆರೆಯುವ ರೂಢಿಯಿಲ್ಲ. ಹೊರಗೆ ರಿಕ್ಷಾಗಳ ಹಾರ್ನ್ ಕೇಳುತ್ತಿತ್ತು. ನಾಗರತ್ನಾ ಸೆರಗು ಬಾಯಿಗೆ ಒತ್ತಿಕೊಂಡು ಕಾಯುತ್ತಿದ್ದಳು.

ಅಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, ಧಾಟಿ ತಪ್ಪದಂತೆ, ಹೆಂಡತಿಯ ಹೆಸರು ಹಿಡಿದು ಸಾಲನ್ನು ಪೂರ್ತಿ ಹೇಳಿಕೊಟ್ಟರು.