ತಮ್ಮನ ಬಲಗಾಲು ನೋಡಲು ಹೋದದ್ದು

ಮೈಸೂರಿನಿಂದ ಬಂದ ರೈಲು ಕಡೂರಿನಲ್ಲಿ ನನ್ನನ್ನು ಇಳಿಸಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅದೇ ರೈಲಿನಲ್ಲಿ ಕೂತಿದ್ದರೆ ತರೀಕೆರೆವರೆಗೂ ಹಾಯಾಗಿ ಹೋಗಬಹುದಿತ್ತು. ಆದರೆ ಕಡೂರಿನಿಂದ ತರೀಕೆರೆ ಮೇಲೆ ಅಜ್ಜಂಪುರಕ್ಕೆ ಹೋಗುವ ಖಾಸಗಿ ಬಸ್ಸು ನನ್ನ ತಮ್ಮ ಶಿವಣ್ಣ ಓಡಿಸುತ್ತಿದ್ದ ಬಸ್ಸು. ಅದರಲ್ಲೇ ಹೋಗಬೇಕೆಂದು ನನಗೆ ಹಟ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಇರುವಾಗ ಟಿಕೆಟ್ ತೆಗೆದು ಹೋಗುವ ಹುಚ್ಚಿ ನಾನೊಬ್ಬಳೇ ಇರಬೇಕು.

ಎರಡು ತಿಂಗಳ ಹಿಂದೆ ಶಿವಣ್ಣ ಡ್ಯೂಟಿ ಮುಗಿಸಿ ಬೈಕಿನಲ್ಲಿ ಮನೆಗೆ ಹೋಗುವಾಗ ಟೆಂಪೋ ಒಂದು ಗುದ್ದಿತ್ತು. ಬಲಗಾಲಿನ ಮೂಳೆ ಮುರಿದು ಚರ್ಮ ಸೀಳಿ ಹೊರಗೆ ಬಂದಿತ್ತು. ಶಿವಮೊಗ್ಗದ ಡಾಕ್ಟರು ಗಾಯ ತೊಳೆದು, ಕಾಲಿನ ಹೊರಗಡೆಯೇ ಕಂಬಿ ಕಟ್ಟಿ ಮೂಳೆಯನ್ನು ನಿಲ್ಲಿಸಿದ್ದರು. ಗಾಯ ಪೂರ್ತಿ ಒಣಗಿದ ಮೇಲೆ ಆ ಕಂಬಿ ತೆಗೆದು ಮೂಳೆಯೊಳಗೆ ರಾಡು ಹಾಕುತ್ತೇವೆ ಎಂದಿದ್ದರು. ಗಾಯ ಮಾತ್ರ ಒಣಗಲೊಲ್ಲದು. ಅವನ ಹೆಂಡತಿ ಗಿರಿಜ ಫೋನಿನಲ್ಲಿ ಅತ್ತುಬಿಟ್ಟಳು. "ಅತ್ತಿಗೆ, ಇನ್ನೂ ಸೋರ್ತಾನೇ ಐತೆ. ಕೀವು ಮೂಳೆಗೆ ಇಳಿದ್ರೆ ಕಾಲೇ ತೆಗೀಬೇಕಾಗ್ತದೆ ಅಂದವ್ರೆ."

ನಾನು ಮೂಳೆ ಆಪರೇಷನ್ನಿನ ಥಿಯೇಟರಿನಲ್ಲಿ ಸಿಸ್ಟರಾಗಿದ್ದು ನಿವೃತ್ತಳಾದವಳು. ಗಾಯಕ್ಕಿಡುವ ಗಾಜ್ ಬಟ್ಟೆ, ಗ್ಲೌಸು, ಸಲೈನ್ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟ್ಯಾಂಡಿನ ಹಿಂದಿನ ಬೀದಿಗೆ ನಡೆದೆ. ನಾನು ಮೊದಲು ಕೆಲಸಕ್ಕೆ ಸೇರಿದ ನರ್ಸಿಂಗ್ ಹೋಮ್ ಅಲ್ಲಿತ್ತು. ಈಗ ಅದು ರೆಡಿಮೇಡ್ ಬಟ್ಟೆ ಅಂಗಡಿ. ನಾವು ಸೀಮೆಎಣ್ಣೆ ಸ್ಟವ್ ಹಚ್ಚಿ ಡ್ರಮ್ಮಿನಲ್ಲಿ ಆಪರೇಷನ್ನಿನ ಬಟ್ಟೆ ಬೇಯಿಸುತ್ತಿದ್ದ ಮೂಲೆಯಲ್ಲಿ ಒಂದು ಗೊಂಬೆ ಚೂಡಿದಾರ ತೊಟ್ಟು ನಿಂತಿತ್ತು. ಆಗ ಬರುತ್ತಿದ್ದವರು ತೆಂಗಿನ ಮರದಿಂದ ಬಿದ್ದವರು, ಗಾಡಿ ಚಕ್ರಕ್ಕೆ ಕಾಲು ಕೊಟ್ಟವರು. ಗಾಯದ ತುಂಬ ಕಾಫಿಪುಡಿಯೋ ಬೂದಿಯೋ ಮೆತ್ತಿರುತ್ತಿತ್ತು. ನಮ್ಮ ಹಿರಿಯ ಡಾಕ್ಟರು ಮೂಳೆಯ ಕಡೆ ನೋಡುತ್ತಲೇ ಇರಲಿಲ್ಲ. "ಮೊದ್ಲು ತೊಳೀರಿ ಸಿಸ್ಟರ್. ಸಾಕು ಅನ್ನಿಸಿದ ಮೇಲೆ ಇನ್ನೊಂದ್ ಸಲ ತೊಳೀರಿ," ಎನ್ನುತ್ತಿದ್ದರು. ನೀರು ಸುರಿದು ಸುರಿದು ನನ್ನ ತೋಳು ಬಿದ್ದುಹೋಗುತ್ತಿತ್ತು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಬೈಗುಳ ಇನ್ನೊಮ್ಮೆ ಕೇಳಬೇಕೆನ್ನಿಸಿತು.

ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ಹೇಳಿದೆ. ಚಟ್ನಿ ಖಾರವಾಗಿ ಚೆನ್ನಾಗಿತ್ತು. ಹೋಟೆಲಿನ ಯಜಮಾನರು ನನ್ನ ಮುಖವನ್ನೇ ನೋಡುತ್ತಿದ್ದರು.

"ಡ್ರೈವರ್ ಶಿವಣ್ಣನ ಅಕ್ಕ ಅಲ್ವ್ರಾ ನೀವು? ಮೂಗು ಅಚ್ಚು ಹಾಕ್ದಂಗೈತೆ. ಮೊನ್ನೆ ಭಾನುವಾರ ಹೋಗಿ ನೋಡ್ಕಂಡ್ ಬಂದೆ ಕಣಮ್ಮ. ಪಾಪ, ಬ್ಯಾಂಡೇಜು ಬಿಚ್ಚಿ ತೋರಿಸ್ದ. ಒಳಗೆ ಇನ್ನೂ ಹಸೀ ಐತೆ."

ಬಿಚ್ಚಿ ತೋರಿಸಿದನೇ? ಇಡ್ಲಿ ಬಾಯಲ್ಲೇ ಉಳಿಯಿತು.

ಬಸ್ಸು ಬಂತು. ಸೀಟಿನಲ್ಲಿ ಬೇರೆ ಡ್ರೈವರಿದ್ದ. ಶಿವಣ್ಣ ಚಿಕ್ಕವನಿದ್ದಾಗ ಗೋಣಿಚೀಲ ಹಾಸಿಕೊಂಡು, ಊಟದ ತಟ್ಟೆಯನ್ನು ಸ್ಟೇರಿಂಗ್ ಮಾಡಿ ತಿರುಗಿಸುತ್ತಾ ನನ್ನನ್ನು ಹಿಂದೆ ಕೂರಿಸುತ್ತಿದ್ದ. ಇಳಿಯುತ್ತೇನೆಂದರೆ ಸ್ಟಾಪ್ ಬರಲಿ ಅನ್ನುತ್ತಿದ್ದ.

ಬೀರೂರು ದಾಟುವಾಗ ಕಂಡಕ್ಟರ್ ಮಂಜ ಪಕ್ಕದಲ್ಲಿ ಬಂದು ಕೂತ. "ಅಕ್ಕ, ಅಣ್ಣನ ಗಾಯ ನಾನು ವಾರಕ್ಕೊಂದ್ ಸಲ ನೋಡ್ತೀನಿ. ಅರಿಶಿನ ಹಾಕು ಅಂದೆ. ಗಿರಿಜತ್ತಿಗೆ ಹಾಕಕ್ಕೆ ಬಿಡ್ಲಿಲ್ಲ."

"ನಿನ್ನ ಅತ್ತಿಗೆಗಾದ್ರೂ ಬುದ್ಧಿ ಐತೆ ಬಿಡು," ಅಂದೆ.

ತರೀಕೆರೆಯಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಪಡುವಲ ಕಡೆಯ ಬೆಟ್ಟದ ಮೇಲೆ ಮೋಡ ಕೂತಿತ್ತು, ನಮ್ಮ ಮೇಲೆ ಬರೀ ಧಗೆ. ಮಲ್ಲಿಗೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿದಳು. ನನ್ನ ಗುರುತು ತಿಳಿದದ್ದೇ ತಡ, ಅವಳೂ ಶುರುಮಾಡಿದಳು. ಅವಳೂ ನೋಡಿದ್ದಳು. ಅವಳ ಯಜಮಾನರೂ ನೋಡಿದ್ದರು. ಅಯ್ಯೋ ರಾಮ! ಈ ಬಸ್ಸಿನಲ್ಲಿ ಓಡಾಡುವ ಜನವೆಲ್ಲ ನನ್ನ ತಮ್ಮನ ಮೂಳೆಯವರೆಗೂ ಇಣುಕಿ ಬಂದಿದ್ದರು. ಅಲ್ಲಿಂದ ಮುಂದಿನ ದಾರಿಯಲ್ಲಿ ತೋಟಗಳು ಹಿಂದೆ ಸರಿದು ಬಯಲು ಹೊಲ ಬಂದದ್ದಾಗಲಿ, ಈರುಳ್ಳಿ ಮೂಟೆಗಳಾಗಲಿ ಕಣ್ಣಿಗೆ ಬೀಳಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಜ್ಜಂಪುರದ ಮನೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಬುಕ್ಕಾಂಬುಧಿಯಿಂದ ಬಂದ ಇಬ್ಬರು ಎಳನೀರು ತಂದು ಕೂತಿದ್ದರು. ಶಿವಣ್ಣ ಬ್ಯಾಂಡೇಜು ಬಿಚ್ಚುತ್ತಿದ್ದ.

"ಕೈ ತೆಗಿಯೋ ಅದರ ಮೇಲಿಂದ!" ಎಂದು ಕೂಗಿದೆ. ಬಂದವರು ಎದ್ದು ನಿಂತರು, ಪಾಪ.

ಅವರು ಹೋದ ಮೇಲೆ ತರಾಟೆಗೆ ತೆಗೆದುಕೊಂಡೆ. ಅವನೂ ಬಿಡಲಿಲ್ಲ. "ಕೆಲ್ಸ ಬಿಟ್ಟು ಬತ್ತಾರೆ ಅಕ್ಕ. ಬಟ್ಟೆ ಸುತ್ತಿದ್ದನ್ನ ನೋಡ್ಕಂಡ್ ಹೋಗಿ ಅನ್ನಕ್ಕಾಯ್ತದಾ? ನಮ್ಮೂರಲ್ಲಿ ಯಾರು ಹಂಗೆ ಕಳಿಸ್ತಾರೆ ಹೇಳು."

ನಿಜವೇ. ನಮ್ಮ ಕಡೆ ನೋಡಲು ಬರುವುದೆಂದರೆ ಗಾಯವನ್ನು ನೋಡಲು ಬರುವುದು. ತೋರಿಸದಿದ್ದರೆ ನಮ್ಮನ್ನು ಹೊರಗಿನವರು ಅಂದುಕೊಂಡರು ಎಂದು ಮುನಿಸಿಕೊಳ್ಳುತ್ತಾರೆ. ಆ ಪ್ರೀತಿಯೇ ದಿನಕ್ಕೆ ಹತ್ತು ಸಲ ಗಾಯದ ಮೇಲೆ ಉಸಿರು, ಬೆವರು, ಧೂಳು ಸುರಿಸುತ್ತಿತ್ತು. ಸೋಪು ಹಾಕಿ ಕೈ ತೊಳೆದು, ಗ್ಲೌಸು ತೊಟ್ಟು ನೋಡಿದೆ. ಕಂಬಿ ಚರ್ಮಕ್ಕೆ ಇಳಿದ ಕಡೆ ಕೆಂಪಾಗಿ ಊದಿತ್ತು. ವಾಸನೆಯೂ ಇತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮಾರನೆಯ ದಿನ ಶಿವಮೊಗ್ಗಕ್ಕೆ ಕರೆದೊಯ್ದೆವು. ಅಲ್ಲಿ ಮತ್ತೆ ಥಿಯೇಟರಿಗೆ ಒಯ್ದು ತೊಳೆದರು, ಕೀವು ಪರೀಕ್ಷೆಗೆ ಕಳಿಸಿ ಔಷಧಿ ಬದಲಿಸಿದರು. "ಮೂಳೆಗೆ ಇನ್ನೂ ಇಳಿದಿಲ್ಲ. ಮತ್ತೆ ಹೀಗಾದ್ರೆ ಕಾಲು ಉಳಿಯೋದು ಕಷ್ಟ," ಎಂದರು ಡಾಕ್ಟರು. ಮೂರು ದಿನ ಇರಿಸಿಕೊಂಡು ಕಳಿಸಿದರು.

ಮನೆಗೆ ಬಂದಾಗ ಅಂತರಘಟ್ಟೆಯಿಂದ ದೊಡ್ಡಮ್ಮ ಬಂದು ಕೂತಿದ್ದಳು. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳೇ. ಈಗ ಕಣ್ಣು ಮಂಜು. ಬಿಚ್ಚುವಂತಿಲ್ಲ ಎಂದೆ. ಮುಖ ಸಣ್ಣದಾಯಿತು.

"ಎಣ್ಣೆ ತಿಕ್ಕಿ ಬೆಳೆಸಿದ ಕಾಲು ಕಣೇ ಅದು. ನಂಗೂ ತೋರ್ಸಲ್ವಾ?"

ಊರಿಗೆಲ್ಲ ಹೇಳಿದ ಹಾಗೆ ಅವಳಿಗೆ ಹೇಗೆ ಹೇಳಲಿ? ನಾವು ವಾರ್ಡಿನಲ್ಲಿ ಗಂಟೆಗೊಮ್ಮೆ ಮಾಡುತ್ತಿದ್ದ ಕೆಲಸ ನೆನಪಾಯಿತು. ಅವಳ ಕೈಯನ್ನು ಸೋಪಿನಲ್ಲಿ ತೊಳೆಸಿ, ಒರೆಸಿ, ಬ್ಯಾಂಡೇಜಿನಿಂದ ಆಚೆ ಇದ್ದ ಕಾಲ್ಬೆರಳುಗಳ ಮೇಲೆ ಇಟ್ಟೆ. "ನೋಡು ದೊಡ್ಡಮ್ಮ, ಬೆಚ್ಚಗಿದ್ರೆ ರಕ್ತ ಚೆನ್ನಾಗಿ ಓಡ್ತಿದೆ ಅಂತ."

ಒಂದೊಂದೇ ಬೆರಳು ಹಿಡಿದು ನೋಡಿದಳು. "ಬೆಚ್ಚಗವೆ ಕಣೇ. ಎಲ್ಲಾ ಬೆಚ್ಚಗವೆ," ಅಂದಳು. ಕಣ್ಣೀರು ಇಳಿಯುತ್ತಿತ್ತು. ಆಮೇಲೆ ಬಾಗಿಲಲ್ಲೇ ಕೂತು ಕಾವಲು ಕಾದವಳೂ ಅವಳೇ. ಬಂದವರನ್ನೆಲ್ಲ ಬಚ್ಚಲಿಗೆ ಅಟ್ಟಿ, ಕೈ ತೊಳೆಸಿ, "ಬೆರಳು ಮುಟ್ಟಿ ನೋಡ್ರಪ್ಪಾ, ಮೇಲಕ್ಕೆ ಹೋದ್ರೆ ಜೋಕೆ!" ಅನ್ನುತ್ತಿದ್ದಳು. ಬೆರಳು ಮುಟ್ಟಿ, ಬೆಚ್ಚಗಿದೆ ಎಂದು ಹೇಳಿ, ಕಾಫಿ ಕುಡಿದು, ಖುಷಿಯಾಗಿಯೇ ಹೋದರು ಜನ. ಯಾರೂ ಮುನಿಸಿಕೊಳ್ಳಲಿಲ್ಲ.

ನಾಲ್ಕು ದಿನಕ್ಕೆಂದು ಹೋದವಳು ತಿಂಗಳು ಉಳಿದೆ. ಗಾಜ್ ಬಟ್ಟೆಯ ಮೇಲಿನ ಕಲೆ ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಬಂತು. ಒಂದು ಬೆಳಿಗ್ಗೆ ತೆಗೆದರೆ ಬೆಳ್ಳಗೆ, ಒಣಗಿ ಬಂತು. ಶಿವಮೊಗ್ಗದವರು ನೋಡಿ, ಒಂದೆರಡು ವಾರ ಹೀಗೇ ಇದ್ದರೆ ಒಳಗೆ ರಾಡು ಹಾಕೋಣ ಎಂದರು.

ನಾನು ಹೊರಟ ದಿನ ಶಿವಣ್ಣ ಮಂಚದ ಮೇಲೆ ಸುಮ್ಮನೆ ಮಲಗಿದ್ದ. ಗಿರಿಜ ಅಡುಗೆಮನೆಗೆ ಹೋದದ್ದನ್ನು ನೋಡಿಕೊಂಡು ಮೆಲ್ಲಗೆ ಕೇಳಿದ, "ಅಕ್ಕ, ನಿಜ ಹೇಳು. ಈ ಕಾಲು ಮತ್ತೆ ಬ್ರೇಕ್ ಒತ್ತುತ್ತಾ?"

ಅಂಗೈಯನ್ನು ಅವನ ಬಲಗಾಲಿನ ಅಂಗಾಲಿಗೆ ಆನಿಸಿ ಹಿಡಿದೆ. "ಒತ್ತು," ಅಂದೆ.

ಹಲ್ಲು ಕಚ್ಚಿದ. ಹಣೆಯಲ್ಲಿ ಬೆವರು ಮೂಡಿತು. ಮೊದಲು ಬೆರಳು ಅಲ್ಲಾಡಿದವು. ಆಮೇಲೆ ಪಾದ ನಿಧಾನವಾಗಿ ಮುಂದಕ್ಕೆ ಬಂತು, ನನ್ನ ಕೈ ಹಿಂದಕ್ಕೆ ಸರಿಯಿತು.

"ಬಸ್ಸು ನಿಂತ್ಕೊಳ್ತಾ?" ಅಂದ.

"ನಿಂತ್ಕೊಳ್ತು ಕಣೋ," ಅಂದೆ.